ಬಿಸಿಲೂರಿನವರು ಜನವರಿಯಲ್ಲಿ ಗುಲ್ಮಾರ್ಗ್‌ಗೆ ಹೋದ್ರೆ ಎಂಜಾಯ್ ಮಾಡೋಕಾಗುತ್ತಾ?

ನೀವು ರಾಯಚೂರಿನವರು, ಚಳಿ ಅಂದ್ರೆ ಡಿಸೆಂಬರ್‌ನಲ್ಲಿ ಒಂದು ಶಾಲು ಹೊದ್ಕೊಳ್ಳೋದಷ್ಟೇ ಗೊತ್ತು, ಈಗ ತಾಯಿ ಮತ್ತೆ ಎಂಟು ವರ್ಷದ ಮಗಳನ್ನ ಕರ್ಕೊಂಡು ಗುಲ್ಮಾರ್ಗ್‌ಗೆ ಹೋಗ್ಬೇಕು ಅಂತಿದೀರಿ, ಚಳಿಗೆ ಹೆದರಿ ರೂಮಲ್ಲೇ ಕೂತು ವಾಪಸ್ ಬರೋ ಹಾಗಾಗುತ್ತಾ ಅಂತ ಕೇಳಿದೀರಿ. ಖಂಡಿತ ಆಗಲ್ಲ. ನಾನು ಬಳ್ಳಾರಿಯವನು, ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ಊರು, ಆದ್ರೂ ಚಳಿಗಾಲ ಬಂತು ಅಂದ್ರೆ ನನ್ನ ಮನಸ್ಸು ಕಾಶ್ಮೀರದ ಕಡೆಗೇ ಓಡುತ್ತೆ. ಒಂದೇ ಒಂದು ಬದಲಾವಣೆ ಮಾಡ್ಕೊಳ್ಳಿ. ನಿಮ್ಮ ಪ್ಯಾಕೇಜ್‌ನಲ್ಲಿ ಶ್ರೀನಗರದಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಅಂತ ಇದೆಯಲ್ಲ, ಅದನ್ನ ತೆಗೆಸಿ, ಗುಲ್ಮಾರ್ಗ್‌ನಲ್ಲೇ ಎರಡು ರಾತ್ರಿ ಉಳ್ಕೊಳ್ಳಿ.

ಯಾಕೆ ಅಂದ್ರೆ ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್ ಅಷ್ಟೇ, ಆದ್ರೆ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಇರೋ ಕೊನೇ 13 ಕಿಲೋಮೀಟರ್ ಘಾಟಿ ರಸ್ತೆ, ಹಿಮ ಬಿದ್ದಿದ್ರೆ ಟೈರಿಗೆ ಚೈನ್ ಹಾಕಿರೋ ಗಾಡಿನೇ ಬೇಕು, ಅಲ್ಲಿ ಗಾಡಿ ಬದಲಾಯಿಸಿ, ಕೋಟು ಗಮ್ ಬೂಟ್ ಬಾಡಿಗೆಗೆ ತಗೊಂಡು, ಮೇಲೆ ಹೋಗಿ ಗೊಂಡೋಲಾ ಅಂದ್ರೆ ಬೆಟ್ಟ ಹತ್ತಿಸೋ ಕೇಬಲ್ ಕಾರ್, ಅದರ ಕ್ಯೂನಲ್ಲಿ ನಿಂತು, ಇಷ್ಟೊತ್ತಿಗೆ ಮಧ್ಯಾಹ್ನ ದಾಟಿರುತ್ತೆ, ಡ್ರೈವರ್ ಹೊರಡೋಣ ಅಂತ ಫೋನ್ ಮಾಡ್ತಿರ್ತಾರೆ. ಹಿಮದಲ್ಲಿ ಸಿಗೋದು ಎರಡೋ ಮೂರೋ ಗಂಟೆ, ಅದೂ ಜನಜಂಗುಳಿ ಮಧ್ಯೆ. ಅಷ್ಟು ದೂರ ಹೋಗಿ ಇಷ್ಟೇ ನೋಡಿ ಬರೋರನ್ನ ಕಂಡಾಗ ನನಗೆ ನಿಜಕ್ಕೂ ಬೇಜಾರಾಗುತ್ತೆ.

ಸಂಜೆ ಆ ಗಾಡಿಗಳೆಲ್ಲ ಕೆಳಗಿಳಿದ ಮೇಲೆ ಗುಲ್ಮಾರ್ಗ್ ಬೇರೆನೇ ಊರು. ಹೊಸ ಹಿಮ ಬಿದ್ದಾಗ ಅದರ ಕಣಗಳ ಮಧ್ಯೆ ತುಂಬಾ ಗಾಳಿ ಇರುತ್ತೆ, ಅದು ಸದ್ದನ್ನ ಹೀರ್ಕೊಳ್ಳುತ್ತೆ, ಅದಕ್ಕೇ ಅಷ್ಟೊಂದು ನಿಶ್ಶಬ್ದ, ನಮ್ಮೂರಲ್ಲಿ ನಡುರಾತ್ರೀಲೂ ಅಂಥದ್ದು ಸಿಗಲ್ಲ. ಮಗಳನ್ನ ಆಗ ಹೋಟೆಲ್ ಮುಂದೇನೇ ಆಡೋಕೆ ಬಿಡಿ. ಒಂದು ವಿಷಯ ಅವಳಿಗೆ ಮೊದ್ಲೇ ಹೇಳಿಡಿ, ತುಂಬಾ ಚಳಿ ಇದ್ದಾಗ ಬೀಳೋ ಒಣ ಸ್ನೋದಲ್ಲಿ ಉಂಡೆ ಕಟ್ಟೋಕಾಗಲ್ಲ, ರವೆ ಥರ ಬೆರಳ ಸಂದಿಯಿಂದ ಜಾರ್ಹೋಗುತ್ತೆ. ಮಧ್ಯಾಹ್ನ ಬಿಸಿಲು ಬಿದ್ದು ಸ್ವಲ್ಪ ಹಸಿ ಆದ್ಮೇಲೆ ಉಂಡೆನೂ ಬರುತ್ತೆ, ಗೊಂಬೆನೂ ನಿಲ್ಲುತ್ತೆ. ಇನ್ನೊಂದು ಏನಂದ್ರೆ, ಹಿಮ ಸುರಿಯೋವಾಗ ಚಳಿ ಜಾಸ್ತಿ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ, ಆದ್ರೆ ಮೋಡ ಮುಚ್ಚಿದ್ರೆ ಭೂಮಿಯ ಶಾಖ ಮೇಲೆ ಹೋಗಲ್ಲ, ಜಾಸ್ತಿ ಕೊರೆಯೋದು ಆಕಾಶ ತಿಳಿಯಾಗಿ ನಕ್ಷತ್ರ ಕಾಣೋ ರಾತ್ರಿಗಳಲ್ಲಿ.

ಈಗ ಬಟ್ಟೆ ವಿಷಯ, ನಮ್ಮ ಕಡೆಯವರಿಗೆ ಇದೇ ಮುಖ್ಯ. ದಪ್ಪ ಸ್ವೆಟರ್ ಒಂದು ಹಾಕಿದ್ರೆ ಆಯ್ತು ಅಂತ ಹೋಗ್ಬೇಡಿ. ಹಿಮದಲ್ಲಿ ಕಾಟ ಕೊಡೋದು ಚಳಿಗಿಂತ ಒದ್ದೆ. ಕಾಟನ್ ಬನಿಯನ್, ಜೀನ್ಸ್ ಇವು ಬೆವರಿಂದ, ಸ್ನೋದಿಂದ ಒದ್ದೆಯಾದ್ರೆ ಒಣಗೋದೇ ಇಲ್ಲ, ಮೈ ಬಿಸಿಯನ್ನೆಲ್ಲ ಎಳ್ಕೊಂಡ್ಬಿಡುತ್ತವೆ. ಮೈಗೆ ತಾಗೋ ಹಾಗೆ ಥರ್ಮಲ್, ಅದರ ಮೇಲೆ ಉಣ್ಣೆದೋ ಫ್ಲೀಸೋ, ಅದರ ಮೇಲೆ ನೀರು ಗಾಳಿ ಎರಡೂ ಒಳಗೆ ಬಿಡದಂಥ ಜಾಕೆಟ್. ನಡೆಯೋವಾಗ ಸೆಕೆ ಆಯ್ತು ಅಂದ್ರೆ ಬೆವರೋ ಮುಂಚೆನೇ ಮಧ್ಯದ್ದನ್ನ ಬಿಚ್ಚಿ ಬ್ಯಾಗಿಗೆ ಹಾಕ್ಕೊಳ್ಳಿ. ಸಾಕ್ಸ್ ಉಣ್ಣೆದೇ ಇರಲಿ, ಆದ್ರೆ ಎರಡು ಮೂರು ಜೊತೆ ಒಟ್ಟಿಗೆ ಹಾಕಿ ಬೂಟ್ ಬಿಗಿ ಮಾಡ್ಕೊಂಡ್ರೆ ಕಾಲಿಗೆ ರಕ್ತ ಸರಿಯಾಗಿ ಹರಿಯಲ್ಲ, ಇನ್ನೂ ಬೇಗ ಮರಗಟ್ಟುತ್ತೆ. ಬಾಡಿಗೆ ಗಮ್ ಬೂಟ್ ತಗೊಳ್ಳೋವಾಗ ಒಳಗೆ ಕೈ ಹಾಕಿ ಒಣಗಿದೆಯಾ ನೋಡಿನೇ ದುಡ್ಡು ಕೊಡಿ, ಬ್ಯಾಗಲ್ಲಿ ಇನ್ನೊಂದು ಜೊತೆ ಒಣ ಸಾಕ್ಸ್ ಇಟ್ಕೊಳ್ಳಿ. ಮಕ್ಕಳಿಗೆ ಉಣ್ಣೆ ಗ್ಲೌಸ್ ಸಾಲಲ್ಲ, ಐದೇ ನಿಮಿಷದಲ್ಲಿ ನೆನೆದುಹೋಗುತ್ತೆ, ವಾಟರ್‌ಪ್ರೂಫ್ ಬೇಕೇ ಬೇಕು. ಅಮ್ಮನಿಗೆ ನಮ್ಮ ಮಂಕಿ ಕ್ಯಾಪ್‌ಗಿಂತ ಒಳ್ಳೇದು ಯಾವುದೂ ಇಲ್ಲ, ಕಿವಿ ಕತ್ತು ಎರಡೂ ಮುಚ್ಚುತ್ತೆ.

ಸನ್‌ಸ್ಕ್ರೀನ್, ಕೂಲಿಂಗ್ ಗ್ಲಾಸ್ ತಪ್ಪಿಸ್ಬೇಡಿ. ನಾವು ಬಿಸಿಲಲ್ಲೇ ಬೆಳೆದೋರು ನಮಗೇನಾಗುತ್ತೆ ಅನ್ಸುತ್ತೆ, ಆದ್ರೆ ಹೊಸ ಹಿಮ ಅಲ್ಟ್ರಾವೈಲೆಟ್ ಕಿರಣಗಳನ್ನ 80 ಪರ್ಸೆಂಟ್ ತನಕ ವಾಪಸ್ ಮುಖಕ್ಕೇ ಹೊಡೆಯುತ್ತೆ, ಕಣ್ಣು ಉರಿ ಬಂದು ನೀರು ಸುರಿಯೋಕೆ ಶುರುವಾಗುತ್ತೆ. ತುಟಿಗೆ ವ್ಯಾಸಲಿನ್ ಸಾಕು, ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿರುತ್ತೆ. ಬಾಯಾರಿಕೆ ಆಗದಿದ್ರೂ ನೀರು ಕುಡೀತಿರಿ.

ಯಾವಾಗ ಹೋಗ್ಬೇಕು ಅಂತ ಕೇಳಿದ್ರೆ ನಾನು ಜನವರಿ ಕೊನೆಯಿಂದ ಫೆಬ್ರವರಿ ಮೂರನೇ ವಾರದೊಳಗೆ ಅಂತೀನಿ. ಡಿಸೆಂಬರ್ 21ರಿಂದ 40 ದಿನ ಅಲ್ಲಿಯವರು ಚಿಲ್ಲೈ ಕಲಾನ್ ಅಂತಾರೆ, ಚಳಿಗಾಲದಲ್ಲೇ ತುಂಬಾ ಕಠಿಣ ಅಂದ್ರೆ ಅದೇ, ಶ್ರೀನಗರದಲ್ಲಿ ನಲ್ಲಿ ನೀರೂ ಹೆಪ್ಪುಗಟ್ಟುತ್ತೆ. ಅದು ಮುಗಿದ್ಮೇಲೆ ಚಳಿ ಒಂಚೂರು ಸಡಿಲ ಆಗುತ್ತೆ, ನೆಲದ ಮೇಲೆ ಹಿಮ ಮಾತ್ರ ಚೆನ್ನಾಗಿ ಕೂತಿರುತ್ತೆ, ಅಮ್ಮನಿಗೂ ಮಗುಗೂ ಅದೇ ಅನುಕೂಲ. ಮತ್ತೆ ಹಿಮ ಯಾವಾಗ್ಲೂ ಇದ್ದೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ, 2024ರ ಜನವರಿಯಲ್ಲಿ ಗುಲ್ಮಾರ್ಗ್ ಬರೀ ಒಣ ಹುಲ್ಲಾಗಿತ್ತು, ಹಿಮ ಬಂದಿದ್ದು ತಿಂಗಳ ಕೊನೆಗೆ. ಆದ್ದರಿಂದ ಹೊರಡೋ ಮುಂಚೆ ಹೋಟೆಲಿಗೆ ಫೋನ್ ಮಾಡಿ ಕೇಳಿ. ವಾಪಸ್ ಬರೋವಾಗ ಶ್ರೀನಗರದಲ್ಲಿ ಒಂದು ದಿನ ಖಾಲಿ ಇಟ್ಕೊಳ್ಳಿ, ಹಿಮ ಬಿದ್ರೆ ಫ್ಲೈಟ್ ಕ್ಯಾನ್ಸಲ್ ಆಗೋದು ಅಲ್ಲಿ ಮಾಮೂಲು.

ಗೊಂಡೋಲಾ ಟಿಕೆಟ್ ಜಮ್ಮು ಕಾಶ್ಮೀರ ಕೇಬಲ್ ಕಾರ್ ಕಾರ್ಪೊರೇಷನ್ ವೆಬ್‌ಸೈಟ್‌ನಲ್ಲಿ ಮೊದ್ಲೇ ಬುಕ್ ಮಾಡಿ. ಫೇಸ್ ಒಂದು ಕೊಂಗ್ಡೂರಿ ತನಕ, ಫೇಸ್ ಎರಡು ಅಫರ್‌ವಾತ್ ಬೆಟ್ಟದ ಮೇಲಕ್ಕೆ, ಸುಮಾರು 3,950 ಮೀಟರ್, ಅಂದ್ರೆ ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತ ಎತ್ತರ, ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 60 ಪರ್ಸೆಂಟ್ ಅಷ್ಟೇ, ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತೆ. ಗಾಳಿ ಜೋರಿದ್ರೆ, ಹಿಮ ಕುಸಿಯೋ ಭಯ ಇದ್ರೆ ಅದನ್ನ ಮುಚ್ಚಿಬಿಡ್ತಾರೆ. ನಿಮ್ಮ ತಾಯಿಗೆ ಫೇಸ್ ಒಂದೇ ಸಾಕು, ಅಲ್ಲೂ ಹಿಮಕ್ಕೇನು ಕಮ್ಮಿ ಇಲ್ಲ. ಅವರಿಗೆ ಬಿಪಿ, ಹೃದಯದ ತೊಂದರೆ ಏನಾದ್ರೂ ಇದ್ರೆ ಟಿಕೆಟ್ ಮಾಡೋ ಮುಂಚೆ ಡಾಕ್ಟರನ್ನ ಕೇಳ್ಬಿಡಿ. ಹಾಗೇ ಬೆಳಿಗ್ಗೆ ಬೇಗ ದಾರಿ ಮೇಲೆ ಅವರನ್ನ ನಡೆಸ್ಬೇಡಿ, ಹಗಲು ಜನ ತುಳಿದ ಹಿಮ ರಾತ್ರಿ ಗಟ್ಟಿಯಾಗಿ ಗಾಜಿನಷ್ಟು ನುಣುಪಾಗಿರುತ್ತೆ, ಚಿಕ್ಕ ಚಿಕ್ಕ ಹೆಜ್ಜೆ, ಪಾದ ಪೂರ್ತಿ ಊರಿ, ಕೈ ಜೇಬಿಂದ ಹೊರಗೆ.

ರೂಮ್ ಬುಕ್ ಮಾಡೋವಾಗ ವ್ಯೂ ಬಗ್ಗೆ ಆಮೇಲೆ ಕೇಳಿ, ಹೀಟಿಂಗ್ ಏನಿದೆ ಅಂತ ಮೊದ್ಲು ಕೇಳಿ, ಕರೆಂಟ್ ಹೋದ್ರೆ ಏನ್ಮಾಡ್ತೀರಿ ಅಂತಾನೂ ಕೇಳಿ. ಬುಖಾರಿ ಅಂತ ಕಟ್ಟಿಗೆ ಒಲೆ ಇರುತ್ತೆ, ಹೊಗೆ ಹೊರಗೆ ಹೋಗೋಕೆ ಕೊಳವೆ ಇರುತ್ತೆ, ಅದರ ಮುಂದೆ ಕೂತು ಕಹ್ವಾ ಅನ್ನೋ ಕಾಶ್ಮೀರಿ ಚಹಾ ಕುಡಿಯೋ ಸುಖವೇ ಬೇರೆ. ಕಾಂಗ್ರಿ ಅಂದ್ರೆ ಬುಟ್ಟಿಯೊಳಗಿನ ಮಣ್ಣಿನ ಕುಡಿಕೆಯಲ್ಲಿ ಕೆಂಡ, ಅಲ್ಲಿಯವರು ಫೆರನ್ ಅನ್ನೋ ಸಡಿಲ ನಿಲುವಂಗಿ ಒಳಗೇ ಹಿಡ್ಕೊಂಡು ಓಡಾಡ್ತಾರೆ, ನೀವೂ ಕೈ ಕಾಯಿಸ್ಕೊಳ್ಳಿ, ಆದ್ರೆ ಮುಚ್ಚಿದ ರೂಮಲ್ಲಿ ಕಾಂಗ್ರಿನೋ ಗ್ಯಾಸ್ ಹೀಟರ್ರೋ ಇಟ್ಕೊಂಡು ಮಲಗಲೇಬೇಡಿ, ಅದರ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆನೂ ಇಲ್ಲ, ಜೀವಕ್ಕೇ ಅಪಾಯ.

ಊಟಕ್ಕೆ ರಾಜ್ಮಾ ಅನ್ನ, ಹಾಕ್ ಸೊಪ್ಪು, ತಾವರೆ ದಂಟನ್ನ ಮೊಸರಲ್ಲಿ ಬೇಯಿಸಿದ ನದ್ರು ಯಖ್ನಿ ಸಿಗುತ್ತೆ, ತಿಂದೇ ನೋಡ್ಬೇಕು. ಆದ್ರೂ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಕೊಂಡು ಹೋಗಿ, ಮಧ್ಯಾಹ್ನ ಹೊರಗೆ ಹಸಿವಾದಾಗ ತಾಯಿಯವರಿಗೆ ಅದೇ ಹಿಡಿಸುತ್ತೆ. ಫೋನ್ ಒಳಜೇಬಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ. ನಮ್ಮ ಪ್ರೀಪೇಡ್ ಸಿಮ್ ಅಲ್ಲಿ ನಡೆಯಲ್ಲ, ಮನೇಲಿ ಒಬ್ಬರದ್ದಾದ್ರೂ ಪೋಸ್ಟ್‌ಪೇಡ್ ಇರೋ ಹಾಗೆ ಈಗ್ಲೇ ಮಾಡಿಸ್ಕೊಳ್ಳಿ.