ಪ್ರಾಸ್ಟೇಟ್ ಆಪರೇಶನ್ ಆದರೆ ಹೆಂಡತಿ ಜೊತೆಗಿನ ಸಂಬಂಧ ಮುಗಿದ ಹಾಗೆಯಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 57, ಮನೆ ಸುರತ್ಕಲ್ ಹತ್ತಿರ. ಪ್ರಾಸ್ಟೇಟ್‌ಗಾಗಿ ಮಾಡುವ ರಕ್ತಪರೀಕ್ಷೆ, ಪಿಎಸ್‌ಎ, 8.6 ಬಂದಿದೆ. ಬಯಾಪ್ಸಿಯಲ್ಲಿ ಗ್ಲೀಸನ್ 3+4, ಅಂದರೆ ಮಧ್ಯಮ ಮಟ್ಟದ ಕ್ಯಾನ್ಸರ್. ಎಂಆರ್‌ಐ ಪ್ರಕಾರ ಗಡ್ಡೆ ಗ್ರಂಥಿಯ ಒಳಗೇ ಇದೆ. ಗ್ರಂಥಿಯನ್ನೇ ತೆಗೆಯುವ ಆಪರೇಶನ್ ಕೂಡ ಆದೀತು, ರೇಡಿಯೇಶನ್ ಕೂಡ ಆದೀತು, ಬುಧವಾರ ಬಂದು ಯಾವುದು ಅಂತ ಹೇಳಿ ಎಂದಿದ್ದಾರೆ ಡಾಕ್ಟರು. ‘ಆಪರೇಶನ್ ಆದರೆ ಹೆಂಡತಿ ಜೊತೆ ಸಂಬಂಧ ಪೂರ್ತಿ ನಿಂತುಹೋಗುತ್ತದಾ? ಡಾಕ್ಟರ ಹತ್ತಿರ ಕೇಳಲು ನಾಚಿಕೆ. ಹೆಂಡತಿಗೂ ಸರಿಯಾಗಿ ಹೇಳಿಲ್ಲ’ ಅಂತ ಬರೆದಿದ್ದೀರಿ.

ನಾನು ಡಾಕ್ಟರಲ್ಲ. ಉಡುಪಿಯವನು, ಬ್ಯಾಂಕಿನಲ್ಲಿ ಇದ್ದವನು. ರಿಟೈರ್ ಆಗಲು ಒಂದು ವರ್ಷ ಇರುವಾಗ, 2019ರಲ್ಲಿ, ಇದೇ ಆಪರೇಶನ್ ಮಾಡಿಸಿಕೊಂಡೆ. ಇವತ್ತಿಗೂ ಚೆನ್ನಾಗಿದ್ದೇನೆ. ಹಾಗಾಗಿ ಬರೆಯುತ್ತಿದ್ದೇನೆ.

ಸಂಬಂಧ ಪೂರ್ತಿ ನಿಲ್ಲುವುದಿಲ್ಲ ಮಾರಾಯ್ರೆ. ಆದರೆ ಮೊದಲಿನ ಹಾಗೆಯೇ ಇರುತ್ತದೆ ಅಂತ ಹೇಳಿದರೆ ಅದು ಸುಳ್ಳು. ಎಷ್ಟು ಉಳಿಯುತ್ತದೆ ಎನ್ನುವುದು ಸುಮಾರು ಮಟ್ಟಿಗೆ ಆಪರೇಶನ್ ಟೇಬಲ್ ಮೇಲೇ ತೀರ್ಮಾನ ಆಗುತ್ತದೆ. ಅದಕ್ಕೇ ಈ ಪ್ರಶ್ನೆಯನ್ನು ಬುಧವಾರವೇ ಕೇಳಬೇಕು, ಆಮೇಲೆ ಅಲ್ಲ.

ಯಾಕೆ ಅಂತ ಹೇಳುತ್ತೇನೆ. ಪ್ರಾಸ್ಟೇಟ್ ಅಂದರೆ ಮೂತ್ರಕೋಶದ ಕೆಳಗೆ, ಹೆಚ್ಚುಕಡಿಮೆ ಒಂದು ಹಣ್ಣಡಿಕೆಯಷ್ಟು ದೊಡ್ಡ ಗ್ರಂಥಿ. ಅದರ ಎರಡೂ ಪಕ್ಕಕ್ಕೆ ಅಂಟಿಕೊಂಡ ಹಾಗೆ ತುಂಬ ತೆಳುವಾದ ನರಗಳು ಹೋಗುತ್ತವೆ. ನಿಮಿರುವಿಕೆಗೆ ಸಂದೇಶ ಹೋಗುವುದು ಈ ನರಗಳಿಂದ. ಹಿಂದೆ ಈ ನರಗಳು ಎಲ್ಲಿ ಹೋಗುತ್ತವೆ ಅಂತ ಸರ್ಜನ್‌ಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಆಪರೇಶನ್ ಆದ ಹೆಚ್ಚುಕಡಿಮೆ ಎಲ್ಲ ಗಂಡಸರೂ ಆ ಶಕ್ತಿ ಕಳೆದುಕೊಳ್ಳುತ್ತಿದ್ದರು. 1981ರಲ್ಲಿ ಅಮೆರಿಕದ ಪ್ಯಾಟ್ರಿಕ್ ವಾಲ್ಶ್, ಹಾಲೆಂಡಿನ ಪೀಟರ್ ಡಾಂಕರ್ ಎಂಬ ಹಿರಿಯ ಡಾಕ್ಟರ ಜೊತೆ ಕೂತು ಆ ನರಗಳ ದಾರಿ ಹುಡುಕಿದರು. ಅವು ಗ್ರಂಥಿಯ ಒಳಗಿಲ್ಲ, ಹೊರಗಿವೆ ಅಂತ ಗೊತ್ತಾಯಿತು. ಮರುವರ್ಷವೇ, 1982ರಲ್ಲಿ, ವಾಲ್ಶ್ ನರಗಳನ್ನು ಬಿಡಿಸಿ ಉಳಿಸಿ ಗ್ರಂಥಿಯನ್ನು ಮಾತ್ರ ತೆಗೆದರು. ಈಗ ‘ನರ್ವ್ ಸ್ಪೇರಿಂಗ್’ ಅಂತ ಹೇಳುವುದು ಇದಕ್ಕೇ. ಆಗ ರೋಬೋಟ್ ಇರಲಿಲ್ಲ. ಹಾಗಾಗಿ ರೋಬೋಟ್ ಇದ್ದರೆ ಮಾತ್ರ ನರ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಾಡುವವರ ಕೈಗೆ ಎಷ್ಟು ಅಭ್ಯಾಸ ಉಂಟು ಎನ್ನುವುದು ಮುಖ್ಯ.

ಗಡ್ಡೆ ಒಂದು ಪಕ್ಕದ ನರಕ್ಕೆ ತೀರಾ ಹತ್ತಿರ ಇದ್ದರೆ ಆ ಪಕ್ಕ ಬಿಟ್ಟುಕೊಡಬೇಕಾಗುತ್ತದೆ. ಕ್ಯಾನ್ಸರ್ ಉಳಿಸಿ ನರ ಉಳಿಸಿ ಏನು ಪ್ರಯೋಜನ? ನನ್ನದು ಹಾಗೇ ಆಯಿತು. ಎಡಗಡೆಯದು ಉಳಿಯಿತು, ಬಲಗಡೆಯದು ಹೋಯಿತು. ಆದರೆ ಇದು ನನಗೆ ಗೊತ್ತಾದದ್ದು ಏಳು ತಿಂಗಳ ನಂತರ, ಡಿಸ್ಚಾರ್ಜ್ ಕಾಗದವನ್ನು ಬೇರೊಬ್ಬ ಯೂರಾಲಜಿಸ್ಟ್ ಓದಿ ಹೇಳಿದಾಗ. ಆಪರೇಶನ್‌ಗೆ ಮೊದಲು ನಾನು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. ಆ ಡಾಕ್ಟರು ಫೈಲಿನಿಂದ ತಲೆ ಎತ್ತದೆ, ‘ಮೊದಲು ಜೀವ ಉಳಿಸಿಕೊಳ್ಳುವ, ಈ ವಯಸ್ಸಲ್ಲಿ ಅದೆಲ್ಲ ಯಾಕೆ?’ ಅಂದರು. ಹೊರಗೆ ತುಂಬ ಜನ ಕಾಯುತ್ತಿದ್ದರು. ನಾನು ಸುಮ್ಮನಾದೆ. ಈಗಲೂ ಆ ಮಾತು ನೆನಪಾದರೆ ಬೇಸರ ಆಗುತ್ತದೆ. 57 ಅಂದರೆ ಮುದಿತನ ಅಲ್ಲ. 70 ಆದರೂ ಅದು ಕೇಳಬಾರದ ಪ್ರಶ್ನೆ ಅಲ್ಲ.

ಇನ್ನು ನನ್ನ ಮನೆಯ ವಿಷಯ. ಇದನ್ನು ಬರೆಯಲು ನನ್ನ ಹೆಂಡತಿಯ ಒಪ್ಪಿಗೆ ಕೇಳಿದ್ದೇನೆ.

ಹತ್ತು ದಿನ ಯೂರಿನ್ ಟ್ಯೂಬ್ ಇತ್ತು. ತೆಗೆದ ದಿನದಿಂದ ಸೋರುವುದು ಶುರು. ಕೆಮ್ಮಿದರೆ, ಸೀನಿದರೆ, ಕೂತಲ್ಲಿಂದ ಎದ್ದರೆ ಒದ್ದೆ. ನೆಂಟರ ಮನೆಯ ಮದುವೆಯಲ್ಲಿ ನೆಲದ ಪಂಕ್ತಿಯಲ್ಲಿ ಕೂತಿದ್ದೆ. ಏಳುವಾಗ ಪಂಚೆ ಒದ್ದೆಯಾಯಿತು. ಪಾಯಸ ಚೆಲ್ಲಿತು ಅಂತ ಹೇಳಿ ಅಲ್ಲಿಂದ ಹೊರಟುಬಂದೆ. ಆಮೇಲೆ ಪ್ಯಾಡ್ ಹಾಕಲು ಶುರು ಮಾಡಿದೆ. ವಾಸನೆ ಬರುತ್ತದೋ ಏನೋ ಅಂತ ಹೆದರಿ ಚಾವಡಿಯಲ್ಲಿ ಮಲಗಲು ಹೋದೆ. ಬೆಳಿಗ್ಗೆ ಅವಳು ಏಳುವ ಮೊದಲೇ ಎದ್ದು ಹಳೆಯ ಪ್ಯಾಡ್‌ಗಳನ್ನು ಬಚ್ಚಲ ಒಲೆಗೆ ಹಾಕುತ್ತಿದ್ದೆ. ಮಳೆಗಾಲ. ಸೌದೆಯೇ ಒದ್ದೆ, ಪ್ಯಾಡ್ ಎಲ್ಲಿ ಉರಿಯುತ್ತದೆ? ಬರೀ ಹೊಗೆ.

ಒಂದು ದಿನ ಅವಳು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ‘ಎಂತ ಸುಡ್ತಾ ಇದ್ದೀರಿ ನೀವು?’ ಅಂತ ಕೇಳಿದಳು. ನನಗೆ ಬಾಯಿ ಬರಲಿಲ್ಲ. ಅವಳೇ ಹೇಳಿದಳು, ‘ಎರಡು ಮಕ್ಕಳ ಬಟ್ಟೆ ಒಗೆದಿದ್ದೇನೆ, ನಿಮ್ಮ ಅಮ್ಮನ ಕೊನೆಯ ಎರಡು ವರ್ಷ ನೋಡಿಕೊಂಡಿದ್ದೇನೆ. ನನ್ನ ಹತ್ತಿರ ಮುಚ್ಚಿಡುವಂಥದ್ದಾ ಇದು?’ ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು. ನಾನು ಚಾವಡಿಗೆ ಹೋದದ್ದು ತನ್ನ ಮೇಲೆ ಮನಸ್ಸು ಇಲ್ಲದೆ ಅಂತ ಅವಳು ಅಂದುಕೊಂಡಿದ್ದಳಂತೆ. ನಾಲ್ಕು ತಿಂಗಳು ಹಾಗೇ ಅಂದುಕೊಂಡಿದ್ದಳು.

ಸೋರುವುದಕ್ಕೆ ಮದ್ದು ಉಂಟು ಎನ್ನುವುದೂ ನನಗೆ ಗೊತ್ತಿರಲಿಲ್ಲ. ಕೀಗಲ್ ವ್ಯಾಯಾಮ ಅಂತ. ಮೂತ್ರ ಅರ್ಧಕ್ಕೆ ತಡೆಯುವಾಗ ಯಾವ ಸ್ನಾಯು ಬಿಗಿಯುತ್ತದೋ ಅದನ್ನೇ ಬಿಗಿಹಿಡಿದು ಬಿಡುವುದು. ಕೂತಲ್ಲೇ, ನಿಂತಲ್ಲೇ ಮಾಡಬಹುದು. ಆಪರೇಶನ್‌ಗೆ ಮೊದಲೇ ಫಿಸಿಯೋಥೆರಪಿಸ್ಟ್ ಹತ್ತಿರ ಸರಿಯಾಗಿ ಕಲಿತುಕೊಳ್ಳಿ. ಆದರೆ ಯೂರಿನ್ ಟ್ಯೂಬ್ ಹಾಕಿರುವಾಗ ಮಾಡಬೇಡಿ, ತೆಗೆದ ಮೇಲೆ ಮತ್ತೆ ಶುರು ಮಾಡಿ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ, ಕೆಲವರಿಗೆ ವರ್ಷದ ಹೊತ್ತಿಗೆ ಹತೋಟಿ ಬರುತ್ತದೆ. ನನಗೆ ಎಂಟು ತಿಂಗಳು ಬೇಕಾಯಿತು.

ನಿಮಿರುವಿಕೆ ಅದಕ್ಕಿಂತ ನಿಧಾನ. ನರ ಉಳಿದರೂ ಆಪರೇಶನ್ ವೇಳೆ ಎಳೆದಾಟ ಆಗಿರುತ್ತದೆ, ಅದು ಚೇತರಿಸಿಕೊಳ್ಳಬೇಕು. ಒಂದೂವರೆ, ಎರಡು ವರ್ಷದವರೆಗೂ ಸುಧಾರಣೆ ಆಗುತ್ತಾ ಹೋಗಬಹುದು. ಮೂರು ತಿಂಗಳಿಗೆ ಏನೂ ಆಗಲಿಲ್ಲ ಅಂತ ಕೈಬಿಡಬೇಡಿ. ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆ ಕೊಡುತ್ತಾರೆ. ಅವು ನರದಿಂದ ಬರುವ ಸಂದೇಶಕ್ಕೆ ಬಲ ಕೊಡುವ ಮಾತ್ರೆಗಳು, ಹಾಗಾಗಿ ಎರಡೂ ಕಡೆಯ ನರ ಹೋಗಿದ್ದರೆ ಪ್ರಯೋಜನ ಕಡಿಮೆ. ಅಂಥವರಿಗೆ ವ್ಯಾಕ್ಯೂಮ್ ಪಂಪ್, ಇಂಜೆಕ್ಷನ್, ಕೊನೆಗೆ ಇಂಪ್ಲಾಂಟ್ ಕೂಡ ಉಂಟು. ಇಂಜೆಕ್ಷನ್ ತೆಗೆದುಕೊಂಡು ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ನಾಚಿಕೆ ಬಿಟ್ಟು ಕ್ಯಾಶುವಾಲ್ಟಿಗೆ ಹೋಗಬೇಕು. ಹೃದಯದ ತೊಂದರೆಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಜಾತಿಯ ಮಾತ್ರೆ ಮುಟ್ಟಲೇಬಾರದು. ಬಿಪಿ ಇಳಿದು ಜೀವಕ್ಕೇ ಅಪಾಯ. ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ‘ಗುಪ್ತರೋಗ’ ಚೀಟಿ ನೋಡಿ ಪುಡಿ ತರಿಸಬೇಡಿ. ಅಂಥ ಪುಡಿಗಳಲ್ಲಿ ಹೇಳದೆ ಇದೇ ಮದ್ದು ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಆಪರೇಶನ್ ಆದ ಮೇಲೆ ವೀರ್ಯ ಹೊರಗೆ ಬರುವುದಿಲ್ಲ, ಯಾಕೆಂದರೆ ಅದರ ಹೆಚ್ಚಿನ ಭಾಗ ತಯಾರಾಗುವ ಜಾಗವನ್ನೇ ತೆಗೆದಿರುತ್ತಾರೆ. ಆದರೆ ಸುಖದ ಅನುಭವ ಹೋಗುವುದಿಲ್ಲ. ನಿಮಿರದೆ ಇದ್ದರೂ ಅದು ಆಗುತ್ತದೆ. ಮೊದಲ ಸಲ ನಾನು ಹೆದರಿಬಿಟ್ಟೆ. ಮೊದಲೇ ಗೊತ್ತಿದ್ದರೆ ಹೆದರುತ್ತಿರಲಿಲ್ಲ. ನನಗೆ ಮಾತ್ರೆಯ ಸಹಾಯದಿಂದ ಹದಿನಾಲ್ಕನೇ ತಿಂಗಳಿಗೆ ಸ್ವಲ್ಪ ನಿಮಿರುವಿಕೆ ಬಂತು. ಮೊದಲಿನಷ್ಟಲ್ಲ. ಆದರೆ ಆ ಹೊತ್ತಿಗೆ ನಾವಿಬ್ಬರೂ ಮಾತಾಡಿಕೊಳ್ಳಲು ಕಲಿತಿದ್ದೆವು. ನಮಗೆ ಅಷ್ಟು ಸಾಕಾಯಿತು.

ರೇಡಿಯೇಶನ್ ಬಗ್ಗೆ ನನಗೆ ಸ್ವಂತ ಅನುಭವ ಇಲ್ಲ. ಅದರಲ್ಲಿ ನಿಮಿರುವಿಕೆಯ ತೊಂದರೆ ಒಮ್ಮೆಲೇ ಬರುವುದಿಲ್ಲ, ವರ್ಷ ಕಳೆದಂತೆ ನಿಧಾನಕ್ಕೆ ಬರಬಹುದು. ಜೊತೆಗೆ ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರಾ ಅಂತ ತಪ್ಪದೆ ಕೇಳಿ. ಪ್ರಾಸ್ಟೇಟ್ ಕ್ಯಾನ್ಸರ್ ಗಂಡು ಹಾರ್ಮೋನಿನಿಂದ ಬೆಳೆಯುತ್ತದೆ ಅಂತ 1941ರಲ್ಲೇ ತೋರಿಸಿದವರು ಚಾರ್ಲ್ಸ್ ಹಗಿನ್ಸ್. ಅದಕ್ಕೆ 1966ರಲ್ಲಿ ಅವರಿಗೆ ನೊಬೆಲ್ ಬಂತು. ಆ ಇಂಜೆಕ್ಷನ್ ಇದೇ ಗಂಡು ಹಾರ್ಮೋನನ್ನು ತಗ್ಗಿಸುತ್ತದೆ. ಅದು ಕೆಲಸ ಮಾಡುವಷ್ಟು ಕಾಲ ಆಸೆಯೇ ಕಡಿಮೆಯಾಗುತ್ತದೆ, ಮೈ ಬಿಸಿಯೇರಿದ ಹಾಗೆ ಆಗುತ್ತದೆ. ಇದು ಹೆಂಡತಿಗೂ ಗೊತ್ತಿರಬೇಕು.

ಗಾಬರಿಯಿಂದ ನಾಳೆಯೇ ತೀರ್ಮಾನ ಮಾಡಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಗಡ್ಡೆ ಗ್ರಂಥಿಯೊಳಗೇ ಇದ್ದ 1,643 ಗಂಡಸರನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಆಪರೇಶನ್, ಒಂದಕ್ಕೆ ರೇಡಿಯೇಶನ್, ಒಂದಕ್ಕೆ ಬರೀ ನಿಗಾ. ಸುಮಾರು 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಮೂರರಲ್ಲೂ ಈ ಕ್ಯಾನ್ಸರಿನಿಂದ ತೀರಿಕೊಂಡವರು ನೂರಕ್ಕೆ ಮೂವರ ಆಸುಪಾಸು. ಅವರಲ್ಲಿ ಹೆಚ್ಚಿನವರದು ಮೆಲ್ಲಗೆ ಬೆಳೆಯುವ ಗಡ್ಡೆ, ಹಾಗಾಗಿ ಅದನ್ನು ನಿಮಗೆ ಹಾಗೇ ಹೊಂದಿಸಬೇಡಿ. ಆದರೂ ಬಯಾಪ್ಸಿ ಸ್ಲೈಡ್, ಎಂಆರ್‌ಐ ಹಿಡಿದುಕೊಂಡು ಮಂಗಳೂರಲ್ಲೋ ಮಣಿಪಾಲದಲ್ಲೋ ಇನ್ನೊಬ್ಬರ ಅಭಿಪ್ರಾಯ ಕೇಳುವಷ್ಟು ಸಮಯ ಸಾಮಾನ್ಯವಾಗಿ ಇರುತ್ತದೆ. ಎಷ್ಟು ವಾರ ಕಾಯಬಹುದು ಅಂತ ನಿಮ್ಮ ಡಾಕ್ಟರನ್ನೇ ನೇರ ಕೇಳಿ. ಆಯುಷ್ಮಾನ್ ಕಾರ್ಡ್ ಇದ್ದರೆ ಖರ್ಚಿನ ವಿಷಯವನ್ನೂ ಮೊದಲೇ ವಿಚಾರಿಸಿ.

ಬುಧವಾರ ಹೋಗುವಾಗ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಲ್ಲಿ ಕೇಳಲು ಆಗದಿದ್ದರೆ ಚೀಟಿಯನ್ನೇ ಡಾಕ್ಟರ ಕೈಗೆ ಕೊಡಿ. ನನ್ನ ಗಡ್ಡೆ ಯಾವ ಪಕ್ಕದಲ್ಲಿದೆ, ಎರಡೂ ನರ ಉಳಿಸಲು ಆಗುತ್ತದಾ, ಇಂಥ ಆಪರೇಶನ್ ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಆಮೇಲೆ ಈ ವಿಷಯಕ್ಕೆ ಚಿಕಿತ್ಸೆ ಯಾವಾಗ ಶುರು ಮಾಡುತ್ತೀರಿ. ಇಷ್ಟಂತೂ ಇರಲಿ. ಉತ್ತರ ಕೊಡದೆ ಮಾತು ತೇಲಿಸಿದರೆ ಬೇರೆ ಡಾಕ್ಟರನ್ನು ನೋಡಿ. ಅದು ನಿಮ್ಮ ಹಕ್ಕು.

ಅದಕ್ಕಿಂತ ಮೊದಲು ಇವತ್ತು ರಾತ್ರಿ ಊಟ ಆದ ಮೇಲೆ ಹೆಂಡತಿಗೆ ಎಲ್ಲ ಹೇಳಿ. ಗಡ್ಡೆ ಅಂತಲ್ಲ, ಕ್ಯಾನ್ಸರ್ ಅಂತಲೇ ಹೇಳಿ. ನಿಮ್ಮ ಹೆದರಿಕೆ ಏನು ಅಂತಲೂ ಹೇಳಿ. ಬುಧವಾರ ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ, ಡಾಕ್ಟರ ರೂಮಿನ ಒಳಗೆ ಕರೆದುಕೊಂಡು ಹೋಗಿ. ಡಾಕ್ಟರು ಏನಂದರು ಅಂತ ಆಮೇಲೆ ಇಲ್ಲಿ ಬರೆಯಿರಿ. ನಾನು ನೋಡುತ್ತಿರುತ್ತೇನೆ.