ಪೇಸ್ಲಿಪ್‌ನಲ್ಲಿ ಆ ಎರಡು ಕಡಿತ ಯಾಕೆ?

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಡಬ್ಲಿನ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿದ್ದೀಯ. ಮೊದಲ ಪೇಸ್ಲಿಪ್‌ನಲ್ಲಿ ಟ್ಯಾಕ್ಸ್ ಜೊತೆ ಯುಎಸ್‌ಸಿ (ಆದಾಯದ ಮೇಲಿನ ಯೂನಿವರ್ಸಲ್ ಸೋಷಿಯಲ್ ಚಾರ್ಜ್), ಎಎಸ್‌ಸಿ (ಸರ್ಕಾರಿ ನೌಕರರು ಪೆನ್ಷನ್‌ಗೆ ಕೊಡುವ ಹೆಚ್ಚುವರಿ ವಂತಿಗೆ) ಅಂತ ಇನ್ನೆರಡು ಕಡಿತ ಯಾಕೆ, ಇಲ್ಲಿ ಮತ್ತೆ ಆರ್ಥಿಕ ಬಿಕ್ಕಟ್ಟು ಬಂದರೆ ನಮ್ಮ ಗತಿ ಏನು ಅಂತ ಕೇಳಿದ್ದೀಯ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

2008ರಲ್ಲಿ ಇಲ್ಲಿ ಐರ್ಲೆಂಡಿನಲ್ಲಿ ಮನೆ ಕಟ್ಟುವ ವ್ಯಾಪಾರ ಕುಸಿಯಿತು. ಆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಬ್ಯಾಂಕುಗಳ ಸಾಲಕ್ಕೆಲ್ಲ ಜಾಮೀನು ನಿಂತಿತು. ಆ ಹೊರೆ ತಾಳಲಾಗದೆ 2010ರ ನವೆಂಬರ್‌ಗೆ 85 ಬಿಲಿಯನ್ ಯೂರೋ ನೆರವಿನ ಪ್ಯಾಕೇಜ್ ಒಪ್ಪಿಕೊಳ್ಳಬೇಕಾಯಿತು. ಸಾಲ ಮಾಡಿದವರು ಬಿಲ್ಡರುಗಳು, ತೀರಿಸಿದವರು ನಾವು! 2009ರಲ್ಲಿ ಸರ್ಕಾರಿ ನೌಕರರಿಗೆ ಹಾಕಿದ ಪೆನ್ಷನ್ ಲೆವಿಯ ಈಗಿನ ರೂಪವೇ ಎಎಸ್‌ಸಿ. ಯುಎಸ್‌ಸಿ 2011ರಲ್ಲಿ ಬಂತು, ಅದು ಎಲ್ಲ ದುಡಿಯುವವರಿಗೂ. ತುರ್ತು ಕಳೆದರೂ ಎರಡೂ ಹೋಗಲಿಲ್ಲ.

2010ರ ಜನವರಿಯಲ್ಲಿ ನಮ್ಮಂಥ ಸರ್ಕಾರಿ ನೌಕರರ ಸಂಬಳವನ್ನೇ ಕಡಿದರು. ಮೊದಲ 30,000 ಯೂರೋಗೆ ಶೇ. 5, ಮುಂದಿನ 40,000ಕ್ಕೆ ಶೇ. 7.5, ಅದರ ಮೇಲೆ ಶೇ. 10. ಹೊಟ್ಟೆ ಉರಿಯಿತು ನಿಜ. ಆದರೆ ಜಾಸ್ತಿ ಇದ್ದವರು ಜಾಸ್ತಿ ಕೊಡಲಿ ಅನ್ನೋದು ಸರಿಯಾದ ಲೆಕ್ಕವೇ, ಅಲ್ವಾ?

ಅನ್ಯಾಯ ನಡೆದದ್ದು ಬೇರೆ ಕಡೆ. 2008ರ ಅಕ್ಟೋಬರ್‌ನಲ್ಲಿ ಮಂಡಿಸಿದ ಬಜೆಟ್‌ನಲ್ಲಿ 70 ದಾಟಿದವರ ಉಚಿತ ಚಿಕಿತ್ಸೆಯ ಮೆಡಿಕಲ್ ಕಾರ್ಡಿಗೆ ಕೈ ಹಾಕಿದಾಗ ಅಜ್ಜ ಅಜ್ಜಿಯರು ಸಂಸತ್ತಿನ ಮುಂದೆ ಬಂದು ನಿಂತರು. ಸರ್ಕಾರ ಬಹುಮಟ್ಟಿಗೆ ಹಿಂದೆ ಸರಿಯಿತು. ಆಮೇಲೆ ವಾರದ ಪೆನ್ಷನ್ ಮೊತ್ತ ಮುಟ್ಟುವ ಧೈರ್ಯವನ್ನು ಯಾರೂ ಮಾಡಲಿಲ್ಲ. ಕೆಲಸವಿಲ್ಲದ ಹುಡುಗರ ಭತ್ಯೆಯನ್ನು ಮಾತ್ರ ಸಲೀಸಾಗಿ ಕಡಿದರು. ವಯಸ್ಸಾದವರಿಗೂ ಕತ್ತರಿ ಹಾಕಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಕಂಪನಿಗಳ ಶೇ. 12.5 ತೆರಿಗೆಯನ್ನು ಕಿಂಚಿತ್ತೂ ಅಲ್ಲಾಡಿಸಲಿಲ್ಲ, ಅದನ್ನೂ ನೋಡು.

ಇನ್ನು ನಮ್ಮ ವಿಷಯ. 2010ರಲ್ಲಿ ಯೂನಿಯನ್‌ಗಳು ಸರ್ಕಾರದ ಜೊತೆ ಕ್ರೋಕ್ ಪಾರ್ಕ್ ಒಪ್ಪಂದ ಮಾಡಿಕೊಂಡವು. ಇದ್ದವರ ಸಂಬಳ ಇನ್ನಷ್ಟು ಕಡಿಯುವಂತಿಲ್ಲ ಅಂತಾಯಿತು. ಅದೇ ವರ್ಷದ ಕೊನೆಯ ಬಜೆಟ್‌ನಲ್ಲಿ, 2011ರಿಂದ ಸೇರುವ ಹೊಸಬರಿಗೆ ಶೇ. 10 ಕಡಿಮೆ ಸಂಬಳ ಅಂತ ಘೋಷಿಸಿದರು. ಇನ್ನೂ ಕೆಲಸಕ್ಕೇ ಬರದವರ ಪರ ಕೂಗಾಡಲು ಯಾರಿದ್ದರು? ನನ್ನ ಪಕ್ಕದ ಬೆಡ್ ನೋಡಿಕೊಳ್ಳುತ್ತಿದ್ದ ಹುಡುಗಿ ಅದೇ ನೈಟ್ ಶಿಫ್ಟ್ ಮಾಡಿ ನನಗಿಂತ ಕಡಿಮೆ ತೆಗೆದುಕೊಂಡು ಹೋಗುತ್ತಿದ್ದಳು. 2013ರಲ್ಲಿ ಹೊಸದಾಗಿ ಪಾಸಾದ ನರ್ಸ್‌ಗಳಿಗೆ ಶೇ. 80 ಸಂಬಳ ಕೊಡುವ ಸ್ಕೀಮ್ ತಂದಾಗ ಮಾತ್ರ ನರ್ಸ್‌ಗಳ ಯೂನಿಯನ್ ಅದನ್ನು ಬಹಿಷ್ಕರಿಸಿತು. ಹೊಸಬರಿಗೆ ಸಂಬಳ ಶ್ರೇಣಿಯಲ್ಲಿ ಎರಡು ಮೆಟ್ಟಿಲು ಹಾರಲು ಬಿಟ್ಟು ಸರಿಪಡಿಸಲು 2019 ಬರಬೇಕಾಯಿತು.

ನಿನ್ನ ಪೆನ್ಷನ್ ಕೂಡ ಆ ಕಾಲದ್ದೇ. 2013ರಿಂದ ಹೊಸದಾಗಿ ಸೇರಿದವರಿಗೆ ಕೊನೆಯ ಸಂಬಳದ ಮೇಲಲ್ಲ, ಇಡೀ ಸೇವೆಯ ಸರಾಸರಿ ಮೇಲೆ ಲೆಕ್ಕ. ಬದಲಿಗೆ ನಿನಗೆ ಎಎಸ್‌ಸಿ ನನಗಿಂತ ಕಡಿಮೆ. ಪೇಸ್ಲಿಪ್‌ನಲ್ಲಿ ಆ ಕಡಿಮೆ ದರವೇ ಹಾಕಿದ್ದಾರಾ ಅಂತ ಪೇರೋಲ್‌ನವರನ್ನು ಕೇಳು. ಯೂನಿಯನ್ ಚಂದಾ ದುಡ್ಡು ಉಳಿಸೋಣ ಅಂತ ಸುಮ್ನೆ ಕೂರಬೇಡ. ಸೇರಿಕೋ, ಸಭೆಗೆ ಹೋಗು. ನಾಳೆ ಮತ್ತೆ ಕಡಿತದ ಮಾತು ಬಂದರೆ, ನಿನಗಿಂತ ಆಮೇಲೆ ಬರುವ ಹುಡುಗಿಯರಿಗೆ ಎಷ್ಟು ಅಂತ ಮೊದಲು ಕೇಳು.