ಬೀಗ ಹಾಕಿದ ಪ್ರಯೋಗಾಲಯ ಯಾರ ಕ್ಷೇಮಕ್ಕೆ?

ಓದುಗರ ಪತ್ರ

ಮಾನ್ಯ ಸಂಪಾದಕರೇ,
ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಕಳೆದ ತಿಂಗಳು ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಒಬ್ಬ ಹುಡುಗ ಗಂಧಕಾಮ್ಲವಿದ್ದ ಬೀಕರಿಗೆ ನೀರು ಸುರಿದ. ಅದು ಸಿಡಿದು ಪಕ್ಕದಲ್ಲಿದ್ದ ನನ್ನ ಮಗಳ ಮುಂಗೈ ಸುಟ್ಟಿತು. ಯಾರೋ ಟೂತ್‌ಪೇಸ್ಟ್ ಹಚ್ಚಿ ಮನೆಗೆ ಕಳುಹಿಸಿದರು. ಗಾಯ ಈಗ ಆರುತ್ತಿದೆ. ಮರುದಿನದಿಂದ ಆ ಕೊಠಡಿಗೆ ಬೀಗ ಬಿದ್ದಿದೆ. ಇನ್ನು ಪ್ರಯೋಗಗಳನ್ನೆಲ್ಲ ಟಿವಿಯಲ್ಲಿ ತೋರಿಸುತ್ತಾರಂತೆ. ನನಗಂತೂ ಇದೇ ಒಳ್ಳೆಯದು ಅನ್ನಿಸಿತು. ನೀವು ಮಾತ್ರ ಪ್ರತಿ ಸಂಚಿಕೆಯಲ್ಲೂ ‘ಕೈಯಾರೆ ಮಾಡಿ ಕಲಿಯಿರಿ’ ಎಂದು ಬರೆಯುತ್ತೀರಿ. ಪ್ರಯೋಗ ಮಗುವಿಗಿಂತ ದೊಡ್ಡದೇ?
— ಓರ್ವ ತಾಯಿ, ಅಂಕೋಲೆ

ಸಂಪಾದಕರ ಉತ್ತರ

ತಾಯಿ, ಮಗುವಿನ ಕೈ ಆರುತ್ತಿದೆ ಎಂದು ಓದಿ ಸಮಾಧಾನವಾಯಿತು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಯಾವ ಪ್ರಯೋಗವೂ ಮಗುವಿಗಿಂತ ದೊಡ್ಡದಲ್ಲ. ಇಷ್ಟನ್ನು ಒಪ್ಪಿಕೊಂಡು ಈಗ ಜಗಳಕ್ಕೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ತಪ್ಪುಗಳು ನಡೆದಿವೆ. ಬೀಗ ಅವೆರಡರಲ್ಲಿ ಒಂದನ್ನೂ ಮುಟ್ಟಿಲ್ಲ. ಆ ಹುಡುಗ ಆಮ್ಲಕ್ಕೆ ನೀರು ಸುರಿದದ್ದು ಮೊದಲನೆಯದು. ಸಾಂದ್ರ ಗಂಧಕಾಮ್ಲ ನೀರಿಗಿಂತ ಸುಮಾರು 1.8 ಪಟ್ಟು ಭಾರ. ಮೇಲಿಂದ ಸುರಿದ ನೀರು ಅದರ ಮೇಲೆಯೇ ನಿಲ್ಲುತ್ತದೆ, ಎರಡೂ ಕೂಡುವಲ್ಲಿ ಹುಟ್ಟುವ ಶಾಖಕ್ಕೆ ಅಲ್ಲೇ ಕುದಿದು ಆಮ್ಲವನ್ನೂ ಹೊತ್ತು ಹಾರುತ್ತದೆ. ಹೆಚ್ಚು ನೀರಿಗೆ ಸ್ವಲ್ಪ ಸ್ವಲ್ಪವೇ ಆಮ್ಲವನ್ನು ಕಲಕುತ್ತ ಸೇರಿಸಿದರೆ ಅದೇ ಶಾಖ ಅಷ್ಟೂ ನೀರಿನಲ್ಲಿ ಹಂಚಿಹೋಗುತ್ತದೆ. ಎರಡನೆಯ ತಪ್ಪು ಟೂತ್‌ಪೇಸ್ಟ್. ಆಮ್ಲ ಬಿದ್ದ ಕೈಯನ್ನು ಒಂದು ಕ್ಷಣವೂ ತಡಮಾಡದೆ ಹರಿಯುವ ನಲ್ಲಿಯ ಕೆಳಗೆ ಹಿಡಿಯಬೇಕು, ಇಪ್ಪತ್ತು ನಿಮಿಷವಾದರೂ ಹಿಡಿದಿರಬೇಕು. ಬಳೆ, ವಾಚು, ಆಮ್ಲ ತಾಗಿದ ಬಟ್ಟೆ ತೆಗೆಯಬೇಕು. ಪೇಸ್ಟ್, ತುಪ್ಪ, ಅಡುಗೆ ಸೋಡಾ ಏನೂ ಬೇಡ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು, ನೀರು ಮೂಗಿನ ಕಡೆಯಿಂದ ಹೊರಕ್ಕೆ ಹರಿಯುವಂತೆ ತೊಳೆದು, ನೇರ ಆಸ್ಪತ್ರೆಗೆ ಹೋಗಬೇಕು. ಟಿವಿ ನೋಡುವ ಮಗು ಇದನ್ನು ಕಲಿಯುತ್ತದೆಯೇ? ಪರದೆಯ ಮೇಲಿನ ಆಮ್ಲ ಯಾರ ಮೈಗೂ ಸಿಡಿಯುವುದಿಲ್ಲವಾದ್ದರಿಂದ ಅಲ್ಲಿ ಯಾರೂ ನಲ್ಲಿಯ ಕಡೆಗೆ ಓಡುವುದಿಲ್ಲ.

ಆದರೆ ಊರಿನಲ್ಲಿ ಸಿಡಿಯುತ್ತದೆ. ಘಟ್ಟ ಹತ್ತಿ ಶಿರಸಿ, ಸಿದ್ದಾಪುರದ ಕಡೆ ಹೋಗಿ ನೋಡಿ. ಮಳೆಗಾಲ ಬಂತೆಂದರೆ ಪ್ರತಿ ಅಡಿಕೆ ತೋಟವೂ ಒಂದು ರಸಾಯನ ಶಾಲೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರು, ಒಂದು ಕಿಲೋ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕಬ್ಬಿಣದ ಪಾತ್ರೆ ಬಳಸಬಾರದು ಎಂಬುದು ಅಲ್ಲಿ ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು. ಹದವಾಯಿತೇ ಎಂದು ನೋಡಲು ಹೊಳೆಯುವ ಕತ್ತಿಯೊಂದನ್ನು ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ನಿಮ್ಮ ಮಗಳು ಮುಂದಿನ ವರ್ಷ ಹತ್ತನೆಯ ತರಗತಿಯ ಪುಸ್ತಕ ತೆರೆದರೆ ಮೊದಲ ಪಾಠದಲ್ಲೇ ಇದು ಸಿಗುತ್ತದೆ: ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ. ಅಡಿಕೆ ಮರ ಹತ್ತುವ ಕೊನೆಗೌಡ ತೋಟದಲ್ಲಿ ಕಣ್ಣಾರೆ ಕಾಣುವುದನ್ನು ಅವಳು ಟಿವಿಯಲ್ಲಿ ನೋಡಬೇಕೇ?

ಕರಾವಳಿಯಲ್ಲೂ ಅಷ್ಟೇ. ಮೀನಿಗೆ ಬೇಕಾದ ಮಂಜುಗಡ್ಡೆಯ ಕಾರ್ಖಾನೆಗಳಲ್ಲಿ ಅಮೋನಿಯಾ ಇದೆ, ಅಕ್ಕಸಾಲಿಗರ ಅಂಗಡಿಯಲ್ಲಿ ನೈಟ್ರಿಕ್ ಆಮ್ಲವಿದೆ. ನಿಮ್ಮ ಬಚ್ಚಲಿನಲ್ಲೇ ಶೌಚಾಲಯ ತೊಳೆಯುವ ಆಮ್ಲದ ಬಾಟಲಿಯ ಪಕ್ಕ ಬ್ಲೀಚಿಂಗ್ ಪೌಡರ್ ಇರಬಹುದು. ಇನ್ನಷ್ಟು ಬೆಳ್ಳಗಾಗಲಿ ಎಂದು ಎರಡನ್ನೂ ಒಟ್ಟಿಗೆ ಸುರಿದರೆ ಏಳುವುದು ಕ್ಲೋರಿನ್ ಅನಿಲ. ಆ ಬಚ್ಚಲಿಗೆ ಯಾವ ಮುಖ್ಯೋಪಾಧ್ಯಾಯರು ಬೀಗ ಹಾಕುತ್ತಾರೆ?

ವಿಜ್ಞಾನಿಗಳಿಗೆ ಪೆಟ್ಟಾಗಿಲ್ಲವೆಂದು ನಾನು ವಾದಿಸುವುದಿಲ್ಲ. ನಾವೆಲ್ಲ ಯಾರ ಬರ್ನರಿನ ಮೇಲೆ ಪ್ರನಾಳ ಕಾಯಿಸಿದೆವೋ ಆ ಬುನ್ಸೆನ್ ಪ್ರಯೋಗಾಲಯದ ಸ್ಫೋಟವೊಂದರಲ್ಲಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು. 1812ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಕಣ್ಣಿಗೆ ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಸ್ಫೋಟಕ ಸಿಡಿಯಿತು. ಬರೆದುಕೊಳ್ಳಲು ಒಬ್ಬರು ಬೇಕಾದಾಗ ಕರೆಸಿದ್ದು ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಮೈಕೇಲ್ ಫ್ಯಾರಡೆ ಎಂಬ ಹುಡುಗನನ್ನು. ಮರುವರ್ಷ ಅದೇ ಪದಾರ್ಥ ಫ್ಯಾರಡೆಯ ಬೆರಳುಗಳ ನಡುವೆಯೂ ಸ್ಫೋಟಿಸಿತು. ಇದ್ದದ್ದು ಅರ್ಧ ಗ್ರಾಮಿನಷ್ಟು, ಮುಖವೂ ಹತ್ತಿರದಲ್ಲೇ ಇತ್ತು. ಉಗುರೊಂದು ಹರಿಯಿತು, ಮುಖ ಉಳಿಯಿತು. ಏಕೆಂದರೆ ಆ ಹೊತ್ತಿಗೆ ಅವರು ಗಾಜಿನ ಮುಖವಾಡ ಹಾಕಿಕೊಂಡಿದ್ದರು. ಡೇವಿಯ ಕಣ್ಣಿಗೆ ಪೆಟ್ಟಾಯಿತೆಂದು ಯಾರೂ ಆ ಪ್ರಯೋಗಾಲಯಕ್ಕೆ ಬೀಗ ಜಡಿಯಲಿಲ್ಲ. ಇಂದು ರಕ್ಷಣಾ ಕನ್ನಡಕ ಒಂದು ಒಳ್ಳೆಯ ಕ್ರಿಕೆಟ್ ಬ್ಯಾಟಿಗಿಂತ ಅಗ್ಗ. ಬ್ಯಾಟು ಎಷ್ಟೋ ಶಾಲೆಗಳಲ್ಲಿದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಈ ಹೆದರಿಕೆ ನನಗೆ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಕೈಗಾದಲ್ಲಿ ಅಣು ವಿದ್ಯುತ್ ಕೇಂದ್ರವಿದೆ. ಅದರ ಒಂದನೆಯ ಘಟಕ 2018ರ ಡಿಸೆಂಬರ್ ಕೊನೆಗೆ 962 ದಿನ ನಿಲ್ಲದೆ ನಡೆದು ಜಗತ್ತಿನಲ್ಲೇ ದಾಖಲೆ ಮಾಡಿತು. ಅಲ್ಲಿ ಒಳಗೆ ಕೆಲಸ ಮಾಡುವವರು ಮೈಮೇಲೆ ವಿಕಿರಣ ಅಳೆಯುವ ಬಿಲ್ಲೆ ಧರಿಸುತ್ತಾರೆ, ನಿಯಮದಂತೆ ನಡೆಯುತ್ತಾರೆ, ಸಂಜೆ ಮನೆಗೆ ಬರುತ್ತಾರೆ. ಅದೇ ಜಿಲ್ಲೆಯ ಶಾಲೆಗೆ ಸ್ಪಿರಿಟ್ ದೀಪ ಹಚ್ಚಲು ಭಯ! (ಅದಕ್ಕೂ ನಿಯಮ ಎರಡೇ. ಉರಿಯುತ್ತಿರುವಾಗ ಸ್ಪಿರಿಟ್ ತುಂಬಬಾರದು. ಊದಿ ಆರಿಸದೆ ಮುಚ್ಚಳ ಮುಚ್ಚಬೇಕು.)

ನಾನು ಕುಮಟೆಯಲ್ಲಿ ಓದಿದ್ದು. ನಮ್ಮ ವಿಜ್ಞಾನದ ಮಾಸ್ತರರು ಆಮ್ಲದ ಬಾಟಲಿಯನ್ನು ಕಪಾಟಿನಿಂದ ತೆಗೆಯುವ ಮೊದಲು ಇಬ್ಬರು ಹುಡುಗರನ್ನು ಬಾವಿಗೆ ಕಳುಹಿಸುತ್ತಿದ್ದರು. ಎರಡು ಕೊಡ ನೀರು ಮೇಜಿನ ಪಕ್ಕ ಬಂದು ಕೂರುವ ತನಕ ಪಾಠ ಶುರುವಾಗುತ್ತಿರಲಿಲ್ಲ. ಪ್ರನಾಳದ ಬಾಯಿ ಯಾರ ಮುಖದ ಕಡೆಗಾದರೂ ತಿರುಗಿದರೆ ಬೆನ್ನಿಗೊಂದು ಗುದ್ದು. ವಾಸನೆ ನೋಡುವುದಾದರೆ ಮೂಗನ್ನು ಬಾಟಲಿಗೆ ಒಯ್ಯದೆ ಅಂಗೈಯಿಂದ ಗಾಳಿ ಬೀಸಿಕೊಳ್ಳಬೇಕು. ನಮ್ಮ ಕಡೆಯ ಮಳೆ, ಉಪ್ಪುಗಾಳಿಗೆ ಬಾಟಲಿಯ ಚೀಟಿ ಒಂದೇ ವರ್ಷದಲ್ಲಿ ಕಳಚುತ್ತದೆ, ಉಳಿದದ್ದನ್ನು ಒರಲೆ ತಿನ್ನುತ್ತದೆ. ಹೆಸರಿಲ್ಲದ ಬಾಟಲಿಯಷ್ಟು ಅಪಾಯಕಾರಿಯಾದದ್ದು ಆ ಕೊಠಡಿಯಲ್ಲಿ ಬೇರೊಂದಿಲ್ಲ. ಮಾಸ್ತರರು ಪ್ರತಿ ಜೂನಿನಲ್ಲಿ ಹೊಸ ಚೀಟಿ ಅಂಟಿಸಿ, ಮೇಲೆ ಮೇಣದ ಬತ್ತಿ ಕರಗಿಸಿ ಬಳಿಯುತ್ತಿದ್ದರು. ಸರಕಾರದ ಸುತ್ತೋಲೆ ಓದಿ ಮಾಡಿದ ಕೆಲಸ ಅದಲ್ಲ.

ಬೀಗ ಹಾಕಿದ ಕೊಠಡಿಯಲ್ಲಿ ಈ ಕೆಲಸ ಮಾಡುವವರು ಯಾರು? ಸೋಡಿಯಂ ಮುಳುಗಿರಬೇಕಾದ ಸೀಮೆಎಣ್ಣೆ ನಿಧಾನವಾಗಿ ಆರುತ್ತದೆ. ಒಡೆದ ಥರ್ಮಾಮೀಟರಿನ ಪಾದರಸ ನೆಲದ ಬಿರುಕಿನಲ್ಲಿ ಆವಿಯಾಗುತ್ತಿರುತ್ತದೆ. ಏಡಿ, ಹಾವುಗಳ ಗಾಜಿನ ಭರಣಿಗಳ ಮುಚ್ಚಳ ಸಡಿಲವಾಗಿ ಫಾರ್ಮಾಲಿನ್ ಹೊರಬರುತ್ತದೆ. 2018ರಲ್ಲಿ ಮೀನಿಗೆ ಫಾರ್ಮಾಲಿನ್ ಹಾಕುತ್ತಾರೆಂದು ಗೋವಾದಲ್ಲಿ ಗದ್ದಲವೆದ್ದಾಗ ಕಾರವಾರದ ಮೀನುಪೇಟೆಯಲ್ಲೂ ಬೇರೆ ಮಾತಿರಲಿಲ್ಲ. ಮಕ್ಕಳು ಕೂರುವ ಕೊಠಡಿಯ ಭರಣಿಯ ಬಗ್ಗೆ ಆಗ ಯಾರೂ ತುಟಿ ಬಿಚ್ಚಲಿಲ್ಲ.

ಇನ್ನು ನನ್ನ ಹಳೆಯ ತಕರಾರು, ಓದುಗರು ಸಹಿಸಿಕೊಳ್ಳಬೇಕು. ಬೀಗ ಹಾಕುವುದು ಇಷ್ಟು ಸುಲಭವಾದದ್ದು ಏಕೆಂದರೆ ಪರೀಕ್ಷೆ ಪ್ರಯೋಗವನ್ನು ಕೇಳುವುದೇ ಇಲ್ಲ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಬರೆವಣಿಗೆಗೆ, 20 ಶಾಲೆಯೇ ಕೊಡುವ ಆಂತರಿಕ ಅಂಕ. ಪ್ರಯೋಗದ ಪರೀಕ್ಷೆ ಇಲ್ಲ. ಲಿಟ್ಮಸ್ ಕಾಗದವನ್ನು ಮುಟ್ಟದವರೂ ನೂರಕ್ಕೆ ನೂರು ತೆಗೆಯಬಹುದು. ಅದೇ ಮಗು ಪಿಯುಸಿಗೆ ಹೋದಾಗ 30 ಅಂಕದ ಪ್ರಯೋಗ ಎದುರಾಗುತ್ತದೆ. ಜೀವಮಾನದಲ್ಲಿ ಮೊದಲ ಬಾರಿ ಪಿಪೆಟ್ ಹಿಡಿದು, ಪಕ್ಕದವನನ್ನು ನೋಡಿ, ಆಕ್ಸಾಲಿಕ್ ಆಮ್ಲವನ್ನು ಬಾಯಿಂದ ಹೀರುತ್ತದೆ. ಬಾಯಿಯ ಬದಲು ಹೀರಲೆಂದೇ ಇರುವ ರಬ್ಬರ್ ಬುರುಡೆಯೊಂದು ಕಪಾಟಿನಲ್ಲೇ ಇರುತ್ತದೆ, ಅದರ ಬಳಕೆ ಯಾರೂ ಹೇಳಿರುವುದಿಲ್ಲ. ಪ್ರಯೋಗಾಲಯ ನೋಡಿಕೊಳ್ಳುವ ಸಹಾಯಕರಿಲ್ಲದ ಶಾಲೆಗಳಲ್ಲಿ ವಿಜ್ಞಾನದ ಅಕ್ಕೋರೇ ಬಾಟಲಿ ತೊಳೆಯಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಚುನಾವಣೆಯ ಕೆಲಸಕ್ಕೂ ಓಡಬೇಕು. ನಿಮ್ಮ ಮಗಳ ಕೈ ಸುಟ್ಟ ದಿನ ಆ ಕೊಠಡಿಯಲ್ಲಿ ದೊಡ್ಡವರು ಯಾರಿದ್ದರು ಎಂದು ನೀವು ಬರೆದಿಲ್ಲ. ನನಗೆ ಮೊದಲು ಅದು ತಿಳಿಯಬೇಕಿತ್ತು.

ಗ್ರಂಥಾಲಯಕ್ಕೆ ಬೀಗ, ಪುಸ್ತಕ ಹರಿಯುತ್ತದೆಂದು. ಆಟದ ಸಾಮಾನಿಗೆ ಬೀಗ, ಕಳೆದುಹೋಗುತ್ತದೆಂದು. ಕಡಲ ದಂಡೆಯಲ್ಲಿ ಹುಟ್ಟಿದ ಮಕ್ಕಳಿಗೆ ಈಜು ಬಾರದು, ಮುಳುಗುತ್ತಾರೆಂದು ನೀರಿಗೇ ಇಳಿಸಿಲ್ಲ.

ಟಿವಿ ಇರಲಿ. ಕಾರ್ಖಾನೆಯಲ್ಲಷ್ಟೇ ಆಗುವಂಥದ್ದನ್ನು, ಶಾಲೆಯಲ್ಲಿ ಮಾಡಲೇಬಾರದ್ದನ್ನು ಅದರಲ್ಲಿ ನೋಡಲಿ. ನೀವು ಮಾತ್ರ ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ತಪ್ಪದೆ ಹೋಗಿ. ಸಿಟ್ಟನ್ನು ಜೊತೆಗೇ ಒಯ್ಯಿರಿ, ಅದು ಅಲ್ಲಿ ಉಪಯೋಗಕ್ಕೆ ಬರುತ್ತದೆ. ಆ ಕೊಠಡಿಯ ನಲ್ಲಿಯಲ್ಲಿ ನೀರು ಬರುತ್ತದೆಯೇ, ಮರಳಿನ ಬಕೆಟ್ ಎಲ್ಲಿದೆ, ಕನ್ನಡಕ ಎಷ್ಟಿವೆ, ಚೀಟಿಯಿಲ್ಲದ ಬಾಟಲಿಗಳನ್ನು ಏನು ಮಾಡಿದರು, ಆಮ್ಲದ ಕಪಾಟಿನ ಕೀಲಿ ಯಾರ ಬಳಿ ಇದೆ ಎಂದು ಕೇಳಿ. ಕಪಾಟಿಗೆ ಬೀಗ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಬಂದ ಉತ್ತರವನ್ನು ನಮಗೂ ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಬಿಟ್ಟಿರುತ್ತೇನೆ.